ಚುಕ್ಕಿ ಎಣಿಸುವ ಬೆಳಗು

ಕೆಂಗೇರಿ ಉಪನಗರದ ನಮ್ಮ ಬೀದಿಗೆ ಬೆಳಗಾಗುವುದು ನೀರು ಚೆಲ್ಲುವ ಸದ್ದಿನಿಂದ. ಮೈಸೂರು ರಸ್ತೆಯ ಕಡೆಯಿಂದ ಲಾರಿಗಳ ಗುಡುಗು ಕೇಳುತ್ತಿರುತ್ತದೆ. ಸ್ಟೇಷನ್ನಿನಲ್ಲಿ ಒಂದು ರೈಲು ಕೂಗಿ ಹೊರಡುತ್ತದೆ. ಹಾಲಿನ ಪ್ಯಾಕೆಟ್ ಹಾಕುವ ಹುಡುಗನ ಸೈಕಲ್ಲು ಗೇಟಿನಿಂದ ಗೇಟಿಗೆ ನಿಂತು ನಿಂತು ಸಾಗುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಬಾಗಿಲು ಗುಡಿಸಿ, ನೀರು ಹಾಕಿ, ರಂಗೋಲಿ ಬಟ್ಟಲು ಹಿಡಿದು ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಹದಿನೈದು ಚುಕ್ಕಿ, ಎಂಟರವರೆಗೆ ಸಂದುಚುಕ್ಕಿ. ಬೆರಳುಗಳ ಸಂದಿನಿಂದ ಪುಡಿ ಇಳಿಯುವುದೇ ಕಾಣುವುದಿಲ್ಲ, ನೆಲದ ಮೇಲೆ ಚುಕ್ಕಿ ಮಾತ್ರ ಮೂಡುತ್ತವೆ. ಆಮೇಲೆ ಬಳ್ಳಿ ಹರಿದು, ಸುತ್ತಿ ಬಂದು, ಹೊರಟಲ್ಲಿಗೇ ಸೇರುತ್ತದೆ.

ಆ ದಿನ ಬಳ್ಳಿ ಸೇರಲಿಲ್ಲ. ಅಕ್ಕ ಸ್ವಲ್ಪ ಹೊತ್ತು ನೋಡಿದರು, ಅಂಗೈಯಿಂದ ಒಂದು ಮೂಲೆಯನ್ನು ಒರೆಸಿದರು. ‘ನಾಲ್ಕನೇ ಸಾಲಲ್ಲಿ ಒಂದು ಚುಕ್ಕಿ ಜಾಸ್ತಿ ಬಿದ್ದಿದೆ ಕಣಮ್ಮಾ. ಒಂದು ಹೆಚ್ಚಾದ್ರೂ ಕೆಡುತ್ತೆ, ಒಂದು ಕಡಿಮೆಯಾದ್ರೂ ಕೆಡುತ್ತೆ’ ಅಂದರು. ಅಂದು ನಾವಿಬ್ಬರೂ ಅವರ ಬಯಾಪ್ಸಿಯ ಬ್ಲಾಕ್ ತೆಗೆದುಕೊಂಡು ಪೇಟೆಯ ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ಅಲ್ಲಿಯೂ ಒಬ್ಬರು ಚುಕ್ಕಿ ಎಣಿಸಲಿದ್ದಾರೆಂದು ಆಗ ನಮಗೆ ಗೊತ್ತಿರಲಿಲ್ಲ.

ಅಕ್ಕ ಬ್ಲೌಸ್ ಹೊಲಿಯುತ್ತಾರೆ. ನಮ್ಮ ಬೀದಿಯ, ಹಿಂದಿನ ಬೀದಿಯ ಹೆಂಗಸರೆಲ್ಲ ಮದುವೆ, ಗೃಹಪ್ರವೇಶ ಬಂದರೆ ಅವರ ಬಾಗಿಲಲ್ಲೇ. ಕುತ್ತಿಗೆಗೆ ಟೇಪು, ಕಿವಿಯ ಹಿಂದೆ ಸೀಮೆಸುಣ್ಣದ ಚೂರು. ನೂರಾರು ಹೆಂಗಸರ ಎದೆಯ ಅಳತೆ ತೆಗೆದ ಕೈ ಅದು. ಆ ಕೈಗೆ ತನ್ನದೇ ಎಡಗಡೆ ಹುಣಸೆಬೀಜದಷ್ಟು ಗಟ್ಟಿ ಗಂಟು ಸಿಕ್ಕಿದ್ದು ಒಂದು ದಿನ ಸ್ನಾನ ಮಾಡುವಾಗ. ಸಿಕ್ಕಿಯೂ ಮೂರು ತಿಂಗಳು ಸುಮ್ಮನಿದ್ದರು. ಯಾಕೆಂದು ಕೇಳಿದರೆ, ‘ನೋವೇ ಇರ್ಲಿಲ್ಲವಲ್ಲಮ್ಮಾ’ ಎನ್ನುತ್ತಾರೆ. ಈ ಕಾಯಿಲೆ ನಮ್ಮ ಹೆಂಗಸರನ್ನು ಏಮಾರಿಸುವುದೇ ಹೀಗೆ. ಮೊದಮೊದಲು ನೋಯುವುದಿಲ್ಲ. ನೋಯದ ಗಂಟಿಗೆ ಆಸ್ಪತ್ರೆಯ ಖರ್ಚೇಕೆ ಎಂದು ಮನೆಯ ಯಜಮಾನಿ ತಾನೇ ತೀರ್ಮಾನ ಮಾಡಿಬಿಡುತ್ತಾಳೆ.

ಬಯಾಪ್ಸಿಯ ವರದಿ ಎರಡು ಹಾಳೆ. ಮೊದಲನೆಯದರಲ್ಲಿ ಕ್ಯಾನ್ಸರ್ ಇದೆ ಎಂಬ ಮಾತು. ಎರಡನೆಯದರಲ್ಲಿ ಮೂರು ಸಾಲು. ಇಆರ್, ಅಂದರೆ ಈಸ್ಟ್ರೊಜನ್ ಗ್ರಾಹಕ: ಇಲ್ಲ. ಪಿಆರ್, ಪ್ರೊಜೆಸ್ಟರಾನ್ ಗ್ರಾಹಕ: ಇಲ್ಲ. ಹರ್-2: 2+, ಅನಿಶ್ಚಿತ, ಫಿಶ್ ಪರೀಕ್ಷೆ ಮಾಡಿಸಿ. ಡಾಕ್ಟರು ಆ ಮೂರನೇ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು, ‘ಜೀನ್ ಆಂಪ್ಲಿಫಿಕೇಶನ್ ಆಗಿದೆಯಾ ಅಂತ ನೋಡ್ಬೇಕಮ್ಮಾ. ಅದರ ಮೇಲೆ ಔಷಧಿ ನಿರ್ಧಾರ’ ಎಂದರು.

ಅಕ್ಕನ ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ‘ಜೀನ್ ಅಂದರೆ ವಂಶವಾಹಿ’ ಎಂದು ಅಮ್ಮನಿಗೆ ಬಿಡಿಸಿ ಹೇಳಿದಳು. ಆ ಮಾತು ಕೇಳಿ ಅಕ್ಕನ ಮುಖ ಬಿಳುಚಿಕೊಂಡಿತು. ‘ವಂಶದ್ದಾ? ಹಂಗಾದ್ರೆ ನಿನಗೂ ಬರುತ್ತಾ?’

ಕನ್ನಡದಲ್ಲಿ ನಾವು ಆರಿಸಿಕೊಂಡ ಪದ ಒಳ್ಳೆಯದೇ. ಆದರೆ ಈ ಒಂದು ಕಡೆ ಅದು ತಾಯಂದಿರನ್ನು ವಿನಾಕಾರಣ ಹೆದರಿಸುತ್ತದೆ. ಡಾಕ್ಟರು ಹೇಳಿದ ಜೀನು ಹರ್-2; ಅದು ಹೆಚ್ಚಾಗುವುದು ವಂಶದಲ್ಲಿ ಇಳಿದು ಬರುವ ದೋಷವಲ್ಲ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಬರುವ ಬಿಆರ್‌ಸಿಎ-1, ಬಿಆರ್‌ಸಿಎ-2 ಎಂಬ ಜೀನ್‌ಗಳ ಬದಲಾವಣೆಗಳು ಬೇರೆ. ಸ್ತನ ಕ್ಯಾನ್ಸರ್‌ಗಳಲ್ಲಿ ಹಾಗೆ ವಂಶದಿಂದ ಬರುವವು ನೂರಕ್ಕೆ ಐದರಿಂದ ಹತ್ತು. ಹರ್-2 ಹೆಚ್ಚಿದ್ದು ಆ ಒಬ್ಬ ಹೆಂಗಸಿನ ಎದೆಯ ಒಂದು ಕೋಶದಲ್ಲಿ, ಅವಳ ಬಾಳಿನ ಯಾವುದೋ ಒಂದು ದಿನ ನಡೆದ ನಕಲಿನ ತಪ್ಪು. ಗಡ್ಡೆಯಲ್ಲಿ ಅದು ಇದೆ. ಅವಳ ರಕ್ತದ ಕೋಶಗಳಲ್ಲಿ ಇಲ್ಲ, ಅವಳು ಹೆತ್ತ ಮಕ್ಕಳಲ್ಲಿ ಇಲ್ಲ. ಇದನ್ನು ಅಕ್ಕನಿಗೆ ಡಾಕ್ಟರೇ ಹೇಳಿದರು. ಹೇಳಿದ ಮೇಲೆ ಆಕೆ ಮೊದಲ ಬಾರಿಗೆ ಅತ್ತರು.

ಕೆಂಗೇರಿಗೆ ಮೆಟ್ರೊ ಬಂದದ್ದು 2021ರ ಆಗಸ್ಟ್ ಕೊನೆಯಲ್ಲಿ. ಅದಕ್ಕೂ ಮುಂಚೆ ಆಸ್ಪತ್ರೆಗೆಂದು ಪೇಟೆಗೆ ಹೋಗುವವರಿಗೆ ಬಸ್ ನಿಲ್ದಾಣವೇ ಗತಿ. ಅಕ್ಕನಿಗೆ ಈಗಲೂ ಬಸ್ಸೇ ಇಷ್ಟ. ಆದರೆ ಅಂದು ಕೈಚೀಲದಲ್ಲಿ ಬ್ಲಾಕ್ ಇತ್ತು. ನೂಕುನುಗ್ಗಲಲ್ಲಿ ಒಡೆದೀತು ಎಂದು ಮೆಟ್ರೊಗೇ ಹೋದೆವು. ಪಟ್ಟಣಗೆರೆ, ಜ್ಞಾನಭಾರತಿ, ರಾಜರಾಜೇಶ್ವರಿ ನಗರ, ನಾಯಂಡಹಳ್ಳಿ. ಕಿಟಕಿಯಾಚೆ ಸ್ಟೇಷನ್ನುಗಳು ಸರಿಯುತ್ತಿದ್ದವು. ಅಕ್ಕ ತೊಡೆಯ ಮೇಲೆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ದೇವಸ್ಥಾನದಿಂದ ಪ್ರಸಾದ ತರುವವರು ಹಿಡಿಯುತ್ತಾರಲ್ಲ, ಹಾಗೆ.

ಆ ಬ್ಲಾಕ್ ನೋಡಿದವರು ಕಡಿಮೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟು. ಅದರ ಮೇಲೆ ಮೇಣದ ಬಿಲ್ಲೆ. ಮೇಣದ ಒಳಗೆ ದಾರದ ತುಂಡಿನಂತೆ ಕಾಣುವ ಎರಡು ಮೂರು ಮಾಂಸದ ಎಳೆ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ನಂಬರು. ಸೂಜಿಯಿಂದ ತೆಗೆದ ಆ ಎಳೆಗಳನ್ನು ಫಾರ್ಮಲಿನ್‌ನಲ್ಲಿ ಆರು ಗಂಟೆಗಿಂತ ಕಡಿಮೆಯಾಗದಂತೆ, ಎಪ್ಪತ್ತೆರಡು ಗಂಟೆ ಮೀರದಂತೆ ಇಟ್ಟು, ಆಮೇಲೆ ಮೇಣದಲ್ಲಿ ಕೂರಿಸುತ್ತಾರೆ. ಅವಧಿ ತಪ್ಪಿದರೆ ಮುಂದಿನ ಪರೀಕ್ಷೆಯೂ ತಪ್ಪು ಹೇಳಬಹುದು. ಸರಿಯಾಗಿ ಕೂರಿಸಿದ ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ. ಮುಂದೆ ಇನ್ನೊಂದು ಪರೀಕ್ಷೆ ಬೇಕಾದರೆ ಮತ್ತೆ ಸೂಜಿ ಚುಚ್ಚಬೇಕಾಗಿಲ್ಲ, ಇದರಿಂದಲೇ ಇನ್ನೊಂದು ತೆಳು ಪದರ ಕತ್ತರಿಸಿಕೊಳ್ಳುತ್ತಾರೆ.

ಆ ಎಳೆಯೊಳಗಿನ ಕೋಶದಲ್ಲಿ ಏನಾಗಿರುತ್ತದೆ? ನಮ್ಮ ಒಂದೊಂದು ಕೋಶದಲ್ಲೂ 23 ಜೊತೆ ವರ್ಣತಂತು. ಅದರಲ್ಲಿ ಹದಿನೇಳನೆಯ ಜೊತೆಯ ಮೇಲೆ ಹರ್-2 ಜೀನ್ ಕೂತಿದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಒಟ್ಟು ಎರಡು ಪ್ರತಿ. ಅದು ತಯಾರಿಸುವ ಪ್ರೋಟೀನು ಕೋಶದ ಹೊರಮೈಯಲ್ಲಿ ನಿಂತು, ‘ಬೆಳೆ, ಇಬ್ಭಾಗವಾಗು’ ಎಂಬ ಸೂಚನೆಯನ್ನು ಒಳಕ್ಕೆ ದಾಟಿಸುತ್ತದೆ. ಕೆಂಗೇರಿ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕಂಡಕ್ಟರ್ ‘ರೈಟ್’ ಎಂದರೆ ಬಸ್ಸು ಹೊರಡುತ್ತದೆ, ‘ಹೋಲ್ಡಾನ್’ ಎಂದರೆ ನಿಲ್ಲುತ್ತದೆ. ಒಂದೇ ಬಸ್ಸಿಗೆ ಇಪ್ಪತ್ತು ಮೂವತ್ತು ಕಂಡಕ್ಟರುಗಳು ಹತ್ತಿ ಎಲ್ಲರೂ ಬಿಡದೆ ‘ರೈಟ್ ರೈಟ್’ ಎನ್ನುತ್ತಿದ್ದರೆ ‘ಹೋಲ್ಡಾನ್’ ಎಂಬ ದನಿ ಡ್ರೈವರ್ ಕಿವಿಗೆ ಬೀಳುವುದೆಲ್ಲಿ? ಎರಡು ಇರಬೇಕಾದ ಹರ್-2 ಪ್ರತಿಗಳು ಹತ್ತಾಗಿ, ಇಪ್ಪತ್ತಾಗಿ, ಕೆಲವೊಮ್ಮೆ ಐವತ್ತಾದಾಗ ಕೋಶದ ಹೊರಮೈಯಲ್ಲಿ ಆ ಪ್ರೋಟೀನು ಕಿಕ್ಕಿರಿಯುತ್ತದೆ. ಒಂದಕ್ಕೊಂದು ತಾಗಿ, ಜೋಡಿಯಾಗಿ, ಹೊರಗಿನಿಂದ ಯಾರೂ ಹೇಳದೆಯೇ ಬೆಳೆಯುವ ಸೂಚನೆ ಕಳಿಸುತ್ತಲೇ ಇರುತ್ತದೆ. ಡಾಕ್ಟರು ಹೇಳಿದ ಜೀನ್ ಆಂಪ್ಲಿಫಿಕೇಶನ್, ಕನ್ನಡದಲ್ಲಿ ಜೀನ್ ವರ್ಧನೆ, ಇದೇ. ಜೀನಿನ ಬರಹ ಕೆಟ್ಟಿರುವುದಿಲ್ಲ. ಅಕ್ಷರಗಳೆಲ್ಲ ಸರಿಯಾಗಿಯೇ ಇರುತ್ತವೆ. ಕೆಟ್ಟದ್ದು ಎಣಿಕೆ.

ಎಣಿಕೆ ಹೇಗೆ ಕೆಡುತ್ತದೆ ಎನ್ನುವುದಕ್ಕೆ ಸುಳಿವು ಮೊದಲು ಸಿಕ್ಕಿದ್ದು ಮೆಕ್ಕೆಜೋಳದ ಹೊಲದಲ್ಲಿ. ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್ 1930ರ ದಶಕದ ಕೊನೆಗೆ ಮೆಕ್ಕೆಜೋಳದ ಕೋಶಗಳಲ್ಲಿ ಒಂದು ವಿಚಿತ್ರ ಕಂಡರು. ಮುರಿದ ವರ್ಣತಂತುವಿನ ತುದಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ; ಕೋಶ ಒಡೆಯುವಾಗ ಬೆಸೆದದ್ದನ್ನು ಎರಡು ಕಡೆಯಿಂದ ಜಗ್ಗುತ್ತಾರೆ ಎಂಬಂತೆ ಎಳೆತ ಬೀಳುತ್ತದೆ; ಅದು ಮತ್ತೆ ಮುರಿಯುತ್ತದೆ. ಅಕ್ಕನಿಗೆ ಇದನ್ನು ಹೇಳಿದಾಗ ಅವರು ತಮ್ಮ ಕಸುಬಿನ ಮಾತಲ್ಲೇ ಹಿಡಿದರು. ‘ಎರಡು ತುಂಡು ಸೇರಿಸಿ ಹೊಲಿದು ಜಗ್ಗಿದ್ರೆ ಹೊಲಿಗೆ ಮೇಲೇ ಹರಿಯುತ್ತೆ ಅಂತೇನಿಲ್ಲ. ಪಕ್ಕದಲ್ಲಿ ಹರಿದ್ರೆ ಒಂದು ಕಡೆ ಹೆಚ್ಚು ಬಟ್ಟೆ ಹೋಗುತ್ತೆ.’ ಹಾಗೆಯೇ. ಹೆಚ್ಚು ಪಾಲು ಪಡೆದ ಮರಿಕೋಶಕ್ಕೆ ಜೀನಿನ ಹೆಚ್ಚು ಪ್ರತಿ ಸಿಗುತ್ತದೆ. ಅದು ಮತ್ತೆ ಬೆಸೆಯುತ್ತದೆ, ಮತ್ತೆ ಹರಿಯುತ್ತದೆ, ಪ್ರತಿಗಳು ಮತ್ತೆ ಹೆಚ್ಚುತ್ತವೆ. ಕೆಲವೊಮ್ಮೆ ಹರಿದ ಚೂರು ವರ್ಣತಂತುವಿನಿಂದ ಬೇರೆಯಾಗಿ, ಪುಟ್ಟ ಬಳೆಯಂತೆ ಸುತ್ತಿಕೊಂಡು, ಕೋಶದೊಳಗೆ ತಾನೇ ಪ್ರತಿಯಾಗುತ್ತ ಹೋಗುತ್ತದೆ. ಹೆಚ್ಚು ಪ್ರತಿ ಇರುವ ಕೋಶ ಬೇಗ ಬೆಳೆಯುವುದರಿಂದ ಗಡ್ಡೆಯಲ್ಲಿ ಅದರ ಸಂತಾನವೇ ತುಂಬಿಕೊಳ್ಳುತ್ತದೆ. ಸ್ತನ ಕ್ಯಾನ್ಸರ್‌ನಲ್ಲಿ ಹೀಗೆ ಹೆಚ್ಚುವ ಜೀನುಗಳು ಬೇರೆಯೂ ಇವೆ: ಎಂಟನೆಯ ವರ್ಣತಂತುವಿನ ಮಿಕ್ ಮತ್ತು ಎಫ್‌ಜಿಎಫ್‌ಆರ್-1, ಹನ್ನೊಂದನೆಯದರ ಸೈಕ್ಲಿನ್ ಡಿ-1. ಆದರೆ ಪ್ರತಿಗಳನ್ನು ಎಣಿಸಿ, ಆ ಎಣಿಕೆಯ ಮೇಲೆ ಔಷಧಿ ಕೊಡುವ ರೂಢಿ ಗಟ್ಟಿಯಾಗಿ ನೆಲೆಯೂರಿದ್ದು ಹರ್-2 ವಿಷಯದಲ್ಲಿ.

ಮೆಜೆಸ್ಟಿಕ್‌ನಲ್ಲಿ ಇಳಿದು, ರೈಲು ಬದಲಿಸಿ, ಆಟೊ ಹಿಡಿದು ಪ್ರಯೋಗಾಲಯ ತಲುಪಿದಾಗ ಹನ್ನೊಂದು ಗಂಟೆ. ಕೌಂಟರಿನ ಹುಡುಗಿ ಬ್ಲಾಕಿನ ನಂಬರನ್ನು ವರದಿಯ ನಂಬರಿನ ಜೊತೆ ಎರಡು ಸಲ ತಾಳೆ ನೋಡಿ ಒಳಗೆ ಕಳಿಸಿದಳು. ‘ಫಿಶ್ ಅಂದ್ರೆ ಮೀನಿಗೂ ಇದಕ್ಕೂ ಏನಮ್ಮಾ ಸಂಬಂಧ?’ ಎಂದು ಅಕ್ಕ ಕೇಳಿದರು. ಫ್ಲೋರೆಸೆನ್ಸ್ ಇನ್ ಸಿಟು ಹೈಬ್ರಿಡೈಸೇಶನ್ ಎಂಬ ಉದ್ದದ ಹೆಸರಿನ ಮೊದಲಕ್ಷರಗಳನ್ನು ಸೇರಿಸಿದರೆ ಫಿಶ್ ಆಗುತ್ತದೆ, ಅಷ್ಟೇ. ಕೋಶದೊಳಗಿನ ಜೀನನ್ನು ಅದು ಇರುವ ಜಾಗದಲ್ಲೇ ಬೆಳಕಿನ ಚುಕ್ಕಿಯಾಗಿ ಕಾಣಿಸುವ ವಿಧಾನ.

ಕೆಲವು ದಿನಗಳ ನಂತರ ವರದಿ ತರಲು ಹೋದಾಗ ಅಲ್ಲಿನ ರೋಗಶಾಸ್ತ್ರಜ್ಞೆ ನಮ್ಮನ್ನು ಒಳಗೆ ಕರೆದು ತೋರಿಸಿದರು. ಕಿಟಕಿಯಿಲ್ಲದ, ದೀಪ ಆರಿಸಿದ ಕೋಣೆ. ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಪರದೆ. ಪರದೆಯ ತುಂಬ ಕತ್ತಲು, ಕತ್ತಲಲ್ಲಿ ನೇರಳೆಹಣ್ಣಿನಂಥ ನೀಲಿ ಗುಂಡುಗಳು. ಒಂದೊಂದು ಗುಂಡೂ ಒಂದು ಕೋಶದ ನ್ಯೂಕ್ಲಿಯಸ್. ಅದರೊಳಗೆ ಹಸಿರು ಚುಕ್ಕಿ, ಕೆಂಪು ಚುಕ್ಕಿ. ಹಸಿರು ಎಂದರೆ ಹದಿನೇಳನೆಯ ವರ್ಣತಂತುವಿನ ನಡು. ಕೆಂಪು ಎಂದರೆ ಹರ್-2 ಜೀನು. ಮೊದಲು ಒಂದು ಆರೋಗ್ಯವಂತ ಕೋಶ ತೋರಿಸಿದರು: ಎರಡು ಹಸಿರು, ಎರಡು ಕೆಂಪು. ಆಮೇಲೆ ಸ್ಲೈಡನ್ನು ಸ್ವಲ್ಪ ಸರಿಸಿದರು. ಹಸಿರು ಎರಡೋ ಮೂರೋ ಇದ್ದವು. ಕೆಂಪು ಮಾತ್ರ ಕುಂಕುಮ ಚೆಲ್ಲಿದಂತೆ ಗುಂಪುಗುಂಪಾಗಿತ್ತು.

ಅಕ್ಕ ಪರದೆಯ ಹತ್ತಿರ ಬಗ್ಗಿದರು. ತೋರುಬೆರಳು ಗಾಳಿಯಲ್ಲೇ ಆಡಿತು. ‘ಹನ್ನೊಂದು, ಹನ್ನೆರಡು, ಹದಿಮೂರು’ ಎಂದು ಪಿಸುಗುಟ್ಟಿ ನಿಲ್ಲಿಸಿದರು. ಅಲ್ಲಿ ಕೂತವರೂ ಅದನ್ನೇ ಮಾಡುತ್ತಾರೆ. ಕಡಿಮೆಯೆಂದರೆ ಇಪ್ಪತ್ತು ಕೋಶಗಳಲ್ಲಿ ಎರಡೂ ಬಣ್ಣ ಎಣಿಸಿ ಸರಾಸರಿ ತೆಗೆಯುತ್ತಾರೆ. ಕೆಂಪನ್ನು ಹಸಿರಿನಿಂದ ಭಾಗಿಸಿದಾಗ ಎರಡು ಅಥವಾ ಹೆಚ್ಚು ಬಂದು, ಕೋಶಕ್ಕೆ ಸರಾಸರಿ ನಾಲ್ಕು ಕೆಂಪಾದರೂ ಇದ್ದರೆ ವರ್ಧನೆ ಆಗಿದೆ ಎಂದು ಲೆಕ್ಕ. ಅಕ್ಕನದು ಕೆಂಪು ಸರಾಸರಿ 14, ಹಸಿರು 2.3. ಭಾಗಿಸಿದರೆ 6.1. ವರದಿಯ 2+ ಎಂಬ ಅನಿಶ್ಚಿತ ಅಂದು ನಿಶ್ಚಿತವಾಯಿತು.

ಈ ಎಣಿಕೆಗೆ ಒಂದು ಚರಿತ್ರೆ ಇದೆ. ಅದರ ಮೊದಲ ಪುಟಗಳಲ್ಲೇ ಒಬ್ಬ ಭಾರತೀಯರಿದ್ದಾರೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿದ್ದ ಲಕ್ಷ್ಮೀಚರಣ ಪಾಧಿ ಇಲಿಯ ನರಗಡ್ಡೆಯ ಕೋಶಗಳಿಂದ ಬಂದ ಒಂದು ಹೊಸ ಪ್ರೋಟೀನನ್ನು ಗುರುತಿಸಿದರು. ಅದಕ್ಕೆ ‘ನ್ಯೂ’ ಎಂಬ ಹೆಸರು ಬಂತು. ಮನುಷ್ಯರಲ್ಲಿ ಅದರ ಜೋಡಿಯೇ ಹರ್-2 ಎಂದು 1985ರಲ್ಲಿ ತಿಳಿಯಿತು. ಅದೇ ವರ್ಷ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಅದರ ಪ್ರತಿಗಳು ಹೆಚ್ಚಿರುವುದೂ ಕಂಡಿತು. 1987ರಲ್ಲಿ ಲಾಸ್ ಏಂಜಲೀಸ್‌ನ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು 189 ಹೆಂಗಸರ ಗಡ್ಡೆಗಳನ್ನು ಪರೀಕ್ಷಿಸಿದರು. ನೂರಕ್ಕೆ ಮೂವತ್ತರಲ್ಲಿ ಹರ್-2 ಎರಡು ಪಟ್ಟಿನಿಂದ ಇಪ್ಪತ್ತು ಪಟ್ಟಿಗೂ ಮೀರಿ ಹೆಚ್ಚಿತ್ತು. ಹಾಗೆ ಹೆಚ್ಚಿದ್ದವರಿಗೆ ಕಾಯಿಲೆ ಬೇಗ ಮರುಕಳಿಸುತ್ತಿತ್ತು, ಬದುಕುವ ದಿನಗಳೂ ಕಡಿಮೆಯಾಗಿದ್ದವು. ಇಂದಿನ ಲೆಕ್ಕದಲ್ಲಿ ನೂರು ಸ್ತನ ಕ್ಯಾನ್ಸರ್‌ಗಳಲ್ಲಿ ಹದಿನೈದರಿಂದ ಇಪ್ಪತ್ತು ಈ ಬಗೆಯವು.

ಕಾಯಿಲೆಯ ಕಾರಣ ಕೋಶದ ಹೊರಮೈಯಲ್ಲೇ ನಿಂತಿರುವಾಗ ಅದನ್ನೇ ಹಿಡಿಯಬಹುದಲ್ಲ? ಆ ಯೋಚನೆಯಿಂದ ಬಂದ ಔಷಧ ಟ್ರಾಸ್ಟುಜುಮಾಬ್. 1998ರ ಸೆಪ್ಟೆಂಬರಿನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದೊಂದು ಪ್ರತಿಕಾಯ. ಹರ್-2 ಪ್ರೋಟೀನಿಗೆ ಅಂಟಿಕೊಂಡು ‘ರೈಟ್ ರೈಟ್’ ಎನ್ನುವ ಬಾಯಿ ಮುಚ್ಚಿಸುತ್ತದೆ, ದೇಹದ ರಕ್ಷಣಾ ಕೋಶಗಳನ್ನೂ ಅಲ್ಲಿಗೆ ಕರೆಯುತ್ತದೆ. ಕಾಯಿಲೆ ಇನ್ನೂ ಹರಡದವರಿಗೆ ಕಿಮೊಥೆರಪಿಯ ಜೊತೆ ಇದನ್ನು ಕೊಟ್ಟ ದೊಡ್ಡ ಪ್ರಯೋಗಗಳ ಫಲ 2005ರಲ್ಲಿ ಹೊರಬಂತು. ಕಾಯಿಲೆ ಮರುಕಳಿಸುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಕೆಟ್ಟ ಸುದ್ದಿಯಾಗಿದ್ದ ಒಂದು ಎಣಿಕೆ, ಔಷಧಿ ಎಲ್ಲಿಗೆ ಮುಟ್ಟಬೇಕು ಎಂದು ತೋರುವ ಕೈಮರವಾಯಿತು.

ಬೆಲೆ ಮಾತ್ರ ಕೈಗೆಟುಕುತ್ತಿರಲಿಲ್ಲ. ಇಲ್ಲಿ ಬೆಂಗಳೂರಿನ ಹೆಸರು ಬರುತ್ತದೆ. ನಗರದ ಬಯೋಕಾನ್ ಕಂಪನಿ ಟ್ರಾಸ್ಟುಜುಮಾಬ್‌ಗೆ ಸಮನಾದ ಔಷಧಿಯನ್ನು ತಯಾರಿಸಿ, 2013ರ ಕೊನೆಯಲ್ಲಿ ಭಾರತದ ಒಪ್ಪಿಗೆ ಪಡೆದು, 2014ರ ಆರಂಭದಲ್ಲಿ ಕ್ಯಾನ್‌ಮ್ಯಾಬ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. 2017ರ ಡಿಸೆಂಬರಿನಲ್ಲಿ ಅಮೆರಿಕವೂ ಅದನ್ನು ಒಪ್ಪಿತು. ಈ ಬಗೆಯ ಔಷಧಿ ಕೊಳವೆಯಲ್ಲಿ ರಾಸಾಯನಿಕ ಬೆರೆಸಿ ಆಗುವುದಲ್ಲ. ಚೀನಾದ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳನ್ನು ದೊಡ್ಡ ಉಕ್ಕಿನ ಹಂಡೆಗಳಲ್ಲಿ ಸಾಕಿ, ಅವುಗಳಿಂದ ಪಡೆಯುವುದು. ಆ ಕೋಶಗಳು ಪ್ರೋಟೀನನ್ನು ಧಾರಾಳವಾಗಿ ತಯಾರಿಸಲಿ ಎಂದು ಔಷಧ ತಯಾರಕರು ಬಹುಕಾಲದಿಂದ ಬಳಸಿದ ಒಂದು ಉಪಾಯ ಯಾವುದು ಗೊತ್ತೆ? ಜೀನ್ ವರ್ಧನೆಯೇ. ಮೆಥೊಟ್ರೆಕ್ಸೇಟ್ ಎಂಬ ಔಷಧಿಗೆ ಬಗ್ಗದ ಕೋಶಗಳು ತಮ್ಮ ಒಂದು ಜೀನಿನ ಪ್ರತಿಗಳನ್ನು ಹೆಚ್ಚಿಸಿಕೊಂಡಿರುತ್ತವೆ ಎಂದು 1978ರಲ್ಲಿ ರಾಬರ್ಟ್ ಶಿಮ್ಕಿ ತೋರಿಸಿದ್ದರು. ಆ ಜೀನಿನ ಪಕ್ಕದಲ್ಲಿ ನಮಗೆ ಬೇಕಾದ ಜೀನನ್ನು ಕೂರಿಸಿದರೆ ಅದೂ ಜೊತೆಯಲ್ಲೇ ಹೆಚ್ಚುತ್ತದೆ. ಎದೆಯಲ್ಲಿ ಗಡ್ಡೆ ಬೆಳೆಸುವ ದಾರಿಯನ್ನೇ ಮನುಷ್ಯ ಔಷಧಿ ಬೆಳೆಸುವುದಕ್ಕೆ ತಿರುಗಿಸಿಕೊಂಡ.

ಕ್ಯಾನ್‌ಮ್ಯಾಬ್ ಬಂದಾಗ 440 ಮಿಲಿಗ್ರಾಮಿನ ಒಂದು ಸೀಸೆಗೆ 57,500 ರೂಪಾಯಿ. ಮೂರು ವಾರಕ್ಕೊಮ್ಮೆ, ವರ್ಷಕ್ಕೆ ಹದಿನೆಂಟು ಸಲ, ಸಲಕ್ಕೊಂದು ಸೀಸೆ ಎಂದರೂ ಹತ್ತು ಲಕ್ಷ ದಾಟುತ್ತಿತ್ತು. ಆಮೇಲೆ ಬೇರೆ ಕಂಪನಿಗಳೂ ತಯಾರಿಸತೊಡಗಿದವು. 2015ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಗೆ ಟ್ರಾಸ್ಟುಜುಮಾಬ್ ಸೇರಿ ಬೆಲೆ ನಿಯಂತ್ರಣಕ್ಕೂ ಒಳಪಟ್ಟಿತು. ಬೆಲೆ ಬಹಳ ಇಳಿದಿದೆ. ಆದರೂ ಬ್ಲೌಸ್ ಹೊಲಿಯುವ ಮನೆಗೆ ಅದು ದೊಡ್ಡ ಮೊತ್ತವೇ. ಅದಕ್ಕೇ ಆ ವಾರವೆಲ್ಲ ಅಕ್ಕನ ಮಗಳು ಆಧಾರ್, ರೇಷನ್ ಕಾರ್ಡು, ವರದಿಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಆಸ್ಪತ್ರೆಯ ಆರೋಗ್ಯಮಿತ್ರರ ಮೇಜಿಗೆ ಓಡಾಡಿದಳು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವಿದೆ. ಚಿಕಿತ್ಸೆ ಶುರುವಾಗುವ ಮೊದಲೇ ಅಲ್ಲಿ ಕೇಳುವುದು ಒಳ್ಳೆಯದು.

ಇದು ನಮ್ಮ ಒಂದು ಬೀದಿಯ ಕತೆಯಲ್ಲ. 1973ರಲ್ಲಿ ಆರಂಭವಾದ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆ ಬೆಂಗಳೂರಿನ ಕ್ಯಾನ್ಸರ್ ದಾಖಲೆಯನ್ನು 1982ರಿಂದ ಬರೆದಿಡುತ್ತ ಬಂದಿದೆ. ಒಂದು ಕಾಲಕ್ಕೆ ಆ ದಾಖಲೆಯಲ್ಲಿ ಹೆಂಗಸರ ಪಾಲಿಗೆ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು. ಈಗ ಸ್ತನ ಕ್ಯಾನ್ಸರ್ ಮುಂದಿದೆ. ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಬಂದಿರುವ ಅಂದಾಜಿದೆ. ಅವರಲ್ಲಿ ಹರ್-2 ಸಾಲಿನಲ್ಲಿ 2+ ಬಂದ ಪ್ರತಿಯೊಬ್ಬರ ಮೇಣದ ಬ್ಲಾಕಿನಲ್ಲೂ ಎಣಿಸಬೇಕಾದ ಚುಕ್ಕಿಗಳಿವೆ.

ಅಕ್ಕನಿಗೆ ಮೂರು ವಾರಕ್ಕೊಮ್ಮೆ ಔಷಧಿ ಏರಿಸುತ್ತಾರೆ. ಹೃದಯದ ಬಲ ಕುಗ್ಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ ಎಕೋ ಮಾಡುತ್ತಾರೆ, ಏಕೆಂದರೆ ಹೃದಯದ ಸ್ನಾಯುವಿಗೂ ಹರ್-2 ಬೇಕು. ಕಿಮೊಥೆರಪಿಯಿಂದ ಉದುರಿದ ಕೂದಲು ಮತ್ತೆ ಬೆರಳುದ್ದ ಬಂದಿದೆ. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳ ಗ್ರಂಥಿ ತೆಗೆದದ್ದರಿಂದ ಎಡಗೈಗೆ ಭಾರ ಹಾಕುವಂತಿಲ್ಲ. ಹೊಲಿಗೆ ಯಂತ್ರ ಅರ್ಧ ದಿನ ಓಡುತ್ತದೆ. ಅಳತೆ ಕೊಡಲು ಬಂದವರ ಹತ್ತಿರ ಅಕ್ಕ ಈಗ ಟೇಪು ಸುತ್ತುವ ಮುಂಚೆ ಒಂದು ಮಾತು ಕೇಳುತ್ತಾರೆ: ‘ಸ್ನಾನ ಮಾಡುವಾಗ ಕೈಯಾಡಿಸಿ ನೋಡ್ಕೊತೀಯೇನಮ್ಮಾ? ಗಂಟು, ಚರ್ಮ ಒಳಕ್ಕೆ ಎಳೆದ ಗುಳಿ, ತೊಟ್ಟು ಒಳಸೇರಿರೋದು, ಏನಾದ್ರೂ ಕಂಡಿದೆಯಾ?’ ಮೊದಮೊದಲು ಹೆಂಗಸರು ನಾಚುತ್ತಿದ್ದರು. ಈಗ ನಿಂತು ಉತ್ತರ ಹೇಳುತ್ತಾರೆ.

ಇವತ್ತು ಬೆಳಿಗ್ಗೆಯೂ ಅವರ ಬಾಗಿಲಲ್ಲಿ ರಂಗೋಲಿ ಇತ್ತು. ಏಳು ಚುಕ್ಕಿಯದು, ಚಿಕ್ಕದು, ಬಳ್ಳಿ ಸೇರಿತ್ತು.

ಓದುವ ಅಕ್ಕತಂಗಿಯರಲ್ಲಿ, ಅವರ ಮನೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಗಂಟು ಕೈಗೆ ಸಿಕ್ಕರೆ ನೋವು ಬರಲಿ ಎಂದು ಕಾಯಬೇಡಿ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದರೆ ಹರ್-2 ಸಾಲು ಎಲ್ಲಿದೆ ಎಂದು ಕೇಳಿ. 0, 1+, 3+ ಎಂದಿದ್ದರೆ ಅದು ಏನು ಹೇಳುತ್ತದೆ ಎಂದು ಡಾಕ್ಟರಿಂದಲೇ ತಿಳಿದುಕೊಳ್ಳಿ. 2+ ಎಂದಿದ್ದರೆ ಅದು ಉತ್ತರವಲ್ಲ. ಫಿಶ್ ಆಗುವವರೆಗೆ ವರದಿ ಮುಗಿದಿಲ್ಲ. ಮೇಣದ ಬ್ಲಾಕ್ ಎಲ್ಲಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹರ್-2 ಹೆಚ್ಚಿದ್ದರೆ ಅದು ನಿಮ್ಮ ವಂಶದ ದೋಷವಲ್ಲ, ನಿಮ್ಮ ಕರ್ಮದ ಫಲವೂ ಅಲ್ಲ. ಒಂದು ಕೋಶದಲ್ಲಿ ತಪ್ಪಿದ ಎಣಿಕೆ. ಅದನ್ನು ಎಣಿಸಿ ಹೇಳುವವರು ನಮ್ಮ ಊರಿನಲ್ಲೇ ಇದ್ದಾರೆ, ಅದಕ್ಕೆ ಔಷಧಿಯೂ ನಮ್ಮ ಊರಿನಲ್ಲೇ ತಯಾರಾಗುತ್ತದೆ.